ಎಡಗೈಯ ಸಂತ

“ಎಡಗೈಯಲ್ಲಿ ಆಶೀರ್ವಾದ ಮಾಡೋ ಸಂತನ್ನ ಎಲ್ಲಿ ನೋಡ್ದೆಯಪ್ಪಾ? ಕಣ್ಣು ಬಾಡಿಗೆಗೆ ಕೊಟ್ಟು ಬಂದಿದ್ದೀಯಾ?”

ಮೇಷ್ಟ್ರ ಮಾತು ಚರ್ಚಿನ ಕಮಾನಿಗೆ ಬಡಿದು ಇನ್ನೊಂದು ಸಲ ಕೇಳಿಸಿತು. ಒಂದೇ ಬೈಗುಳ ತಿನ್ನುವುದು ಸಾಲದು ಎನ್ನುವಂತೆ. ಸಹಪಾಠಿಗಳು ಕಿಸಕ್ಕೆಂದರು. ಬೆಂಚಿನ ಮೇಲಿದ್ದ ಯಾರೋ ಮುದುಕಿ, ಭಾಷೆ ತಿಳಿಯದಿದ್ದರೂ ಬೈಗುಳ ತಿಳಿದವಳಂತೆ, ಬೈಸಿಕೊಂಡ ಹುಡುಗನತ್ತ ಮರುಕದಿಂದ ನೋಡಿದಳು.

ಪಟಾಕಿ ತುಟಿ ಕಚ್ಚಿ ನಿಂತಿದ್ದ. ಚಿತ್ರಶಾಲೆಯಲ್ಲಿ ಆ ಹೆಸರು ಅವನಿಗೆ ಪುಕ್ಕಟೆ ಬಂದದ್ದಲ್ಲ. ಯಾರು ಕಡ್ಡಿ ಗೀರಿದರೂ ಸಿಡಿಯುತ್ತಿದ್ದ.

ಪರದೇಶದ ಈ ಚರ್ಚುಗಳನ್ನು ಸುತ್ತಿಸಲು ಹುಡುಗರನ್ನು ಕರೆತಂದವರು ಹೊಸ ಮೇಷ್ಟ್ರು. ಯಾರು ಹೇಗೆ ಬರೆಯುತ್ತಾರೆಂದು ಅವರಿಗಿನ್ನೂ ಗೊತ್ತಿರಲಿಲ್ಲ. ಸೂರಿನ ಒಳಮೈಗೆ ಬರೆದಿದ್ದ ಸಂತನ ಚಿತ್ರವನ್ನು ನೋಡಿ ಬರೆಯಬೇಕು, ಹಾಳೆಗೆ ಹೆಸರು ಹಾಕಬಾರದು, ಚೆನ್ನಾಗಿ ಬರೆದ ಒಬ್ಬರಿಗೆ ಇಲ್ಲಿನ ಹಳೇ ಚಿತ್ರಗಳನ್ನು ದುರಸ್ತಿ ಮಾಡುವವರ ಜೊತೆ ಒಂದು ವರ್ಷ ಕಲಿಯುವ ಅವಕಾಶ. “ಕತ್ತೆತ್ತಿ ನಿಲ್ಲೋಕೆ ಆಗದವರು ಈಗಲೇ ಹೇಳ್ಬಿಡಿ. ಸೂರಿನ ಕೆಲಸ ಇದು,” ಎಂದೂ ಅಂದಿದ್ದರು.

ಕತ್ತೆತ್ತಲು ಆಗದವಳು ಒಬ್ಬಳಿದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಸಿನಿಮಾ ಬೋರ್ಡು ಬರೆಯುತ್ತಿದ್ದ ಕಾಲದಲ್ಲಿ ಏಣಿಯಿಂದ ಬಿದ್ದು ಕತ್ತು ನೋಯಿಸಿಕೊಂಡವಳು. ವಯಸ್ಸು ಮೀರಿ ಕಲಿಯಲು ಬಂದವಳು. ನೋವಿನ ವಿಷಯ ಪಟಾಕಿಗೊಬ್ಬನಿಗೇ ಗೊತ್ತು.

“ಆ ದುರಸ್ತಿ ಅಂದ್ರೆ ಸಾರುವೆ ಕಟ್ಟಿ ಅದರ ಮೇಲೆ ಅಂಗಾತ ಮಲಗಿ ಮಾಡೋ ಕೆಲಸ ಕಣೋ. ಅಲ್ಲಿ ಕತ್ತು ಯಾಕೆ ಎತ್ತಬೇಕು? ಇವತ್ತೊಂದು ದಿನ ದಾಟಿಸಿದ್ರೆ ಸಾಕು. ಬಾಯಿ ಬಿಟ್ಟೀಯ, ಹುಷಾರ್!” ಎಂದು ಬೆಳಗ್ಗೆ ಆಣೆ ಮಾಡಿಸಿಕೊಂಡಿದ್ದಳು.

ನೋಡಲು ಬಂದವರ ಕತ್ತು ನೋಯದಿರಲೆಂದು ಚರ್ಚಿನವರು ಗಾಲಿಯ ಮೇಜಿನ ಮೇಲೆ ಕನ್ನಡಿ ಹಾಸಿಟ್ಟಿದ್ದರು. ಅಕ್ಕ ಅದರಲ್ಲಿ ಕಂಡ ಸಂತನನ್ನೇ ಬಾಗಿ ನೋಡುತ್ತ ಬರೆದಳು. ಮೂಗಿನ ನೆರಳು, ಬಟ್ಟೆಯ ಮಡಿಕೆ, ಬಿರುಕು ಬಿಟ್ಟ ಸುಣ್ಣ, ಒಂದನ್ನೂ ಬಿಡಲಿಲ್ಲ. ಆದರೆ ಕನ್ನಡಿ ಬಲವನ್ನು ಎಡ ಮಾಡುತ್ತದೆಂಬುದು ನೋವಿನ ಮಾತ್ರೆ ನುಂಗಿ ಮಂಕಾಗಿದ್ದ ತಲೆಗೆ ಹೊಳೆಯಲೇ ಇಲ್ಲ. ಹಾಳೆಯನ್ನು ಪಟಾಕಿಯ ಕೈಗಿತ್ತು ಬಸ್ಸಿನಲ್ಲಿ ಮಲಗಲು ಹೋದಳು. ಅವನೂ ನೋಡದೆ ಹಾಳೆಗಳನ್ನು ತೂಗುಹಾಕಲು ಕಟ್ಟಿದ್ದ ಹಗ್ಗಕ್ಕೆ ತನ್ನ ಹಾಳೆಯ ಪಕ್ಕ ಸಿಕ್ಕಿಸಿಬಿಟ್ಟ.

ಮೇಷ್ಟ್ರು ಅದನ್ನೇ ಕಿತ್ತು “ಯಾರದಿದು?” ಎಂದಾಗಲೇ ಸಂತನ ಎಡಗೈ ಅವನ ಕಣ್ಣಿಗೆ ಬಿದ್ದದ್ದು. ಕನ್ನಡಿ ನೋಡಿ ಬರೆದದ್ದೆಂದು ತಿಳಿದರೆ ಅಕ್ಕನ ಕತೆ ಮುಗಿಯಿತು. ಅವನಿಗೂ ಆ ಅವಕಾಶ ಬೇಕಿತ್ತು. ರಾತ್ರಿಯೆಲ್ಲ ಅದೇ ಕನಸು. ಆದರೂ ಬಾಯಿ ತಾನೇ ಆಡಿಬಿಟ್ಟಿತು: “ನಂದು ಸಾರ್.”

ಆಗ ಬಿದ್ದದ್ದು ಆ ಬೈಗುಳ.

“ಬಸ್ಸಲ್ಲಿ ಮಲಗಿದ್ದಾಳಲ್ಲ, ಆಯಮ್ಮಂದು ಯಾವುದು?” ಮೇಷ್ಟ್ರು ಕೇಳಿದರು.

ಪಟಾಕಿ ತನ್ನ ಹಾಳೆಯತ್ತ ಬೆರಳು ತೋರಿಸಿದ.

ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಇಟ್ಟರು. ಮುಖ ಅರಳಿತು.

“ನೋಡ್ರೋ, ಕೈ ಅಂದ್ರೆ ಇದು! ಆಯಿತು, ಒಂದು ವರ್ಷ ಇಲ್ಲಿ ಅವಳೇ ಉಳ್ಕೊಳ್ಳಲಿ.” ಮತ್ತೆ ಪಟಾಕಿಯ ಕಡೆ ತಿರುಗಿ, ಅವನದೇ ಹಾಳೆಯನ್ನು ಅವನ ಮೂಗಿಗೆ ಹಿಡಿದರು. “ಕಣ್ಣು ಬಿಟ್ಟು ನೋಡು. ಈ ಗೆರೆ ಎಳೆಯೋಕೆ ನಿಂಗೆ ಈ ಜನ್ಮ ಸಾಲಲ್ಲ. ಹೋಗಿ ಆಯಮ್ಮನ ಹತ್ರ ಪೆನ್ಸಿಲ್ ಚೂಪು ಮಾಡೋದನ್ನಾದ್ರೂ ಕಲಿ.”

ಎಲ್ಲರೂ ಘೊಳ್ಳೆಂದರು. ಪಟಾಕಿಯ ಕಿವಿ ಕೆಂಡವಾಯಿತು. ಇನ್ನೇನು ಸಿಡಿಯಬೇಕು, ಅಷ್ಟರಲ್ಲಿ ಅಕ್ಕ ನೆನಪಾದಳು. ಪೆನ್ಸಿಲ್ ಹಿಡಿಯುವುದನ್ನು ಅವಳೇ ಕಲಿಸಿದ್ದು, ಅದಂತೂ ನಿಜ. ಕತ್ತು ಬಗ್ಗಿಸಿ ಸಾವಿರ ಸಲ ತಿದ್ದಿದ್ದಳು, ಒಮ್ಮೆಯೂ ನಕ್ಕಿರಲಿಲ್ಲ.

“ಏನೋ, ನಾಲಿಗೆ ಬಿದ್ದೋಯ್ತಾ? ಮಾತಾಡು!”

ಅವನು ಚೀಲ ಹೆಗಲಿಗೇರಿಸಿ, ಬೆಂಚುಗಳ ನಡುವೆ ಬಾಗಿಲ ಕಡೆ ನಡೆದುಬಿಟ್ಟ.