ನೋಡುತ್ತ ನೋಡುತ್ತ ಬಂದವನು

ಅಣ್ಣ ದಿಲೀಪನ ಪಾದಕ್ಕೆ ಮೆತ್ತಿದ್ದ ಡಾಂಬರು ಬಿಡಲೆಂದು ಜ್ಯೋತಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಕೋಪರಿಯ ಆ ಸಾಲು ಖೋಲಿಗಳ ಚಾಳಿನ ಓಣಿಯಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಗಂಡಸರ ಮಾತು ಬಾಗಿಲ ಪರದೆ ದಾಟಿ ಒಳಗೆ ಬರುತ್ತಿತ್ತು.

"ಟೆಂಪೋದವ ಹಾರನ್ ಹೊಡದಾನಂತ. ದಿಲೀಪ ಅದನ್ನ ನೋಡ್ಕೋತ ನೋಡ್ಕೋತನ ಮುಂದ ಬಂದಾನ."

"ಸಾಯಾಕಂತನ ಹೋಗಿದ್ದನೋ ಏನೋ."

ಜ್ಯೋತಿಯ ಕೈ ನಿಂತಿತು. ಹೆಣದ ತಲೆಯ ಬಳಿ ಕೂತಿದ್ದ ತಾಯಿ ಚಂದ್ರಬಾಯಿ, "ಇವತ್ತೊಂದಿನ ಸುಮ್ನಿರವ್ವ" ಎಂದಳು.

"ಇಷ್ಟ ವರ್ಷ ಸುಮ್ನ ಇದ್ದದ್ದಕ್ಕನ ಹಿಂಗಾತು."

ಪರದೆ ಸರಿಸಿ ಹೊರಗೆ ಬಂದಳು. ಬಿದಿರು ಹಿಡಿದಿದ್ದವನು ಪಕ್ಕದ ಖೋಲಿಯ ಭುಜಂಗ. "ಕಾಕಾ, ಅಂವ ಸಾಯಾಕ ಹೋಗಿರಲಿಲ್ಲ. ಹೋಟೆಲಿನ ಶೇಠ್ ಪಾರ್ಸಲ್ ಕೊಟ್ಟು ಹೈವೇ ದಾಟು ಅಂದದ್ದಕ್ಕ ಹೋಗಿದ್ದ."

ಭುಜಂಗ ತಲೆ ತಗ್ಗಿಸಿ ಹಗ್ಗ ಬಿಗಿದ. ತಂದೆ ಹುಲಗಪ್ಪ ಗೋಡೆಗೆ ಒರಗಿ ಮಗಳನ್ನೇ ನೋಡುತ್ತಿದ್ದ.

*

ದಿಲೀಪ ಹುಟ್ಟಿದಾಗಲೇ ಅವನ ಎರಡೂ ಕಣ್ಣುಗಳಲ್ಲಿ ಬಿಳಿ ಪೊರೆಯಿತ್ತು. ವಿಜಾಪುರದ ಕಡೆಯಿಂದ ಬಂದು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಹುಲಗಪ್ಪ, ಕೂಲಿ ಬಿಟ್ಟು ಕೂಸನ್ನು ದವಾಖಾನೆಗೆ ಒಯ್ದಿದ್ದ. ಇಷ್ಟು ಸಣ್ಣ ಮಗುವಿಗೆ ಆಪರೇಶನ್ ಯಾಕೆ, ದೊಡ್ಡವನಾಗಲಿ ಎಂದರು ಡಾಕ್ಟರು. ಮುಂದಿನ ಸಲವೂ ಅದೇ ಮಾತು. ಅದರ ಮುಂದಿನ ಸಲ ಅವರು ತಲೆಯನ್ನೇ ಎತ್ತಲಿಲ್ಲ. ಕಂಪೌಂಡರ್ ಕೈ ಬೀಸಿ ಹೊರಗೆ ಕಳಿಸಿದ. ಬೇರೆ ಕಡೆ ಆಪರೇಶನ್ ಆಗುವ ಹೊತ್ತಿಗೆ ದಿಲೀಪನಿಗೆ ನಾಲ್ಕು ವರ್ಷ.

ದಪ್ಪ ಗಾಜಿನ ಕನ್ನಡಕ ಹಾಕಿದ ದಿನ ಅವನು ಅವ್ವನ ಮುಖ ನೋಡಿ ನಕ್ಕ. ಹುಲಗಪ್ಪ ಚಾಳಿಗೆಲ್ಲ ಪೇಢೆ ಹಂಚಿದ.

ಅದೇ ವರ್ಷ ಜ್ಯೋತಿ ಹುಟ್ಟಿದಳು. ಒಂದು ಮಧ್ಯಾಹ್ನ ಚಂದ್ರಬಾಯಿ ತೊಟ್ಟಿಲ ಮೇಲೆ ಕೆಂಪು ರಿಬ್ಬನ್ ಆಡಿಸುತ್ತಿದ್ದಳು. ಇನ್ನೂ ಕುತ್ತಿಗೆ ನಿಲ್ಲದ ಕೂಸಿನ ಕಣ್ಣುಗಳು ರಿಬ್ಬನ್ನಿನ ಬೆನ್ನು ಹತ್ತಿ ಅತ್ತಿತ್ತ ಹೊರಳಿದವು. ಪಕ್ಕದಲ್ಲಿದ್ದ ದಿಲೀಪ ಮಾತ್ರ ರಿಬ್ಬನ್ ಮೊದಲಿದ್ದ ಜಾಗವನ್ನೇ ನೋಡುತ್ತಿದ್ದ.

"ಅವ್ವಾ, ಎಲ್ಲಿ ಹೋತು?"

ಅವಳು ಕೈ ನಿಲ್ಲಿಸಿದಳು.

"ಇಲ್ಲೈತಿ," ಎಂದು ಅವನು ಹಿಡಿದುಕೊಂಡ.

ಚಂದ್ರಬಾಯಿ ಇದನ್ನು ಗಂಡನಿಗೆ ಹೇಳಲಿಲ್ಲ. ಪೇಢೆ ಹಂಚಿದವನ ಮುಖ ನೋಡಿ ಹೇಳಲಾಗಲಿಲ್ಲ.

ಮುಂದೆ ದಿಲೀಪ ಓದು ಬರಹ ಕಲಿತ. ಓಣಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಅವನನ್ನು ಸ್ಟಂಪಿನ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಚೆಂಡು ಎದೆಗೆ ಬಡಿದ ಮೇಲೆ ಅವನಿಗೆ ತಿಳಿಯುತ್ತಿತ್ತು. ರಸ್ತೆ ದಾಟಬೇಕಾದಾಗ ಯಾರಾದರೂ ಬರಲೆಂದು ಅಂಚಿನಲ್ಲಿ ಕಾಯುತ್ತಿದ್ದ. ಅವರ ಹೆಜ್ಜೆಗೆ ಹೆಜ್ಜೆ ಹಾಕಿ ದಾಟುತ್ತಿದ್ದ.

*

ಮೂರು ವರ್ಷದ ಹಿಂದೆ ಜ್ಯೋತಿಯೇ ಅವನನ್ನು ದೊಡ್ಡ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಬಹಳ ಹೊತ್ತು ಪರೀಕ್ಷೆ ಮಾಡಿದರು. ಆಪರೇಶನ್‌ಗೆ ಕಾಯಲು ಹೇಳಿದ್ದು ಯಾರು ಎಂದು ಸಿಟ್ಟಿನಿಂದಲೇ ಕೇಳಿದರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಚಲಿಸುವುದನ್ನು ನೋಡುವುದೂ ಮಗು ಕಲಿಯಬೇಕಾದ ವಿದ್ಯೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕಣ್ಣಿಗೆ ಬೀಳುವ ನೋಟದಿಂದಲೇ ಮಿದುಳು ಅದಕ್ಕೆ ಅಡಿಪಾಯ ಹಾಕಿಕೊಳ್ಳುತ್ತದೆ, ಆಮೇಲೆ ವರ್ಷಗಟ್ಟಲೆ ಬೆಳೆಸುತ್ತದೆ. ಇವನಿಗೆ ಆ ತಿಂಗಳುಗಳೇ ಸಿಗಲಿಲ್ಲ. ನಿಂತಿರುವುದನ್ನು ನೋಡುತ್ತಾನೆ, ಅಕ್ಷರ ಓದುತ್ತಾನೆ. ಎದುರಿಗೆ ಬರುವ ಗಾಡಿ ನಿಂತಿದೆಯೋ ಓಡುತ್ತಿದೆಯೋ ಅವನಿಗೆ ಸರಿಯಾಗಿ ತಿಳಿಯುವುದಿಲ್ಲ.

ಮರುದಿನವೇ ಜ್ಯೋತಿ ಮಾಜಿವಾಡಾದ ಹೋಟೆಲಿಗೆ ಹೋದಳು. ದಿಲೀಪ ಅಲ್ಲಿ ತರಕಾರಿ ಹೆಚ್ಚುತ್ತಿದ್ದ. ಉಡುಪಿ ಕಡೆಯ ಮಾಲೀಕ ಜಯಶೀಲ ಗಲ್ಲಾದಲ್ಲಿ ಕೂತು, ಅಣ್ಣನನ್ನು ಒಬ್ಬನನ್ನೇ ರಸ್ತೆಗೆ ಕಳಿಸಬೇಡಿ ಎಂದು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಬೆಳಿಗ್ಗೆ ಪೇಪರ್ ಓದಿ ನನಗೇ ಸುದ್ದಿ ಹೇಳ್ತಾನೆ. ಅಷ್ಟು ಸಣ್ಣ ಅಕ್ಷರ ಕಾಣುವವನಿಗೆ ಲಾರಿ ಕಾಣುದಿಲ್ವಾ?" ಎಂದು ನಕ್ಕರು. "ಕೆಲಸ ತಪ್ಪಿಸ್ಲಿಕ್ಕೆ ಹೊಸ ದಾರಿ ಹುಡುಕಿದ್ದಾನೆ."

ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ದಿಲೀಪನಿಗೂ ಅದು ಕೇಳಿಸಿತ್ತು.

*

ಚಟ್ಟ ಏರಿಸುವ ಹೊತ್ತಿಗೆ ಜಯಶೀಲ ಬಂದರು. ಕೈಯಲ್ಲಿ ಸೇವಂತಿಗೆ ಹಾರ, ಜೊತೆಗೆ ಅವರ ಹೋಟೆಲಿನ ಅಡಿಗೆಯವ ಕುಶಲ. ಹುಲಗಪ್ಪನ ಭುಜ ಮುಟ್ಟಿ ಹೇಳಿದರು:

"ಕಣ್ಣಿಗೆ ಇಷ್ಟು ತೊಂದರೆ ಉಂಟು ಅಂತ ನನಗೊಂದು ಮಾತು ಹೇಳ್ಬೇಕಿತ್ತು. ನಾನು ಕಳಿಸ್ತಿರ್ಲಿಲ್ಲ."

"ಹೇಳಿದ್ದೆ," ಎಂದಳು ಜ್ಯೋತಿ. "ನಿಮ್ಮ ಗಲ್ಲಾದ ಮುಂದ ನಿಂತು ಹೇಳಿದ್ದೆ. ನೀವು ನಕ್ಕಿದ್ರಿ."

"ಅದು ಯಾವಾಗಲೋ ಅಲ್ವಾ? ಅಷ್ಟು ಸೀರಿಯಸ್ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ನಿನ್ನೆ ಅಂವ ಏನಂದ? ಪಾರ್ಸಲ್ ಕೈಗೆ ಕೊಟ್ರಲ್ಲ, ಆಗ ಏನೂ ಅನ್ನಲಿಲ್ಲೇನು?"

ಜಯಶೀಲ ಹಾರದ ನೂಲು ಸರಿಮಾಡತೊಡಗಿದರು. ಉತ್ತರ ಬಂದದ್ದು ಕುಶಲನಿಂದ.

"'ನನಗೆ ಒಬ್ಬನೇ ದಾಟ್ಲಿಕ್ಕೆ ಆಗುದಿಲ್ಲ ಶೇಠ್, ಯಾರನ್ನಾದ್ರೂ ಜೊತೆಗೆ ಕಳಿಸಿ' ಅಂದ ದಿಲೀಪ. ಎರಡು ಸಲ ಅಂದ. 'ನಾನು ಹೋಗ್ತೇನೆ' ಅಂದೆ. 'ಒಲೆ ಯಾರು ನೋಡುದು' ಅಂತ ನನ್ನನ್ನೂ ಬಿಡ್ಲಿಲ್ಲ."

"ಕುಶಲ, ನೀನು ಸುಮ್ಮನಿರು."

"ಇನ್ನು ಯಾಕೆ ಸುಮ್ಮನಿರುದು?"

ಜಯಶೀಲ ಹಾರ ತೋಳಿಗೆ ಹಾಕಿಕೊಂಡು ಚಟ್ಟದ ಬಿದಿರಿಗೆ ಕೈ ಹಚ್ಚಿದರು. ಹುಲಗಪ್ಪ ಬಾಗಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮೂಟೆ ಹೊತ್ತು ಬಲಿತ ಕೈ, ಅವಸರ ಮಾಡಲಿಲ್ಲ.

"ಶೇಠ್, ನೀವು ಹೆಗಲ ಕೊಡಬ್ಯಾಡ್ರಿ."

ಅವರು ಬಿಟ್ಟ ಜಾಗಕ್ಕೆ ಕುಶಲ ಬಂದು ನಿಂತ.

ಹೆಂಗಸರು ಓಣಿಯ ತುದಿಗೆ ನಿಂತರು. ಜ್ಯೋತಿ ನಿಲ್ಲಲಿಲ್ಲ, ಯಾರೂ ತಡೆಯಲಿಲ್ಲ. ಸ್ಮಶಾನ ಹೈವೇಯ ಆಚೆಗಿತ್ತು. ಭುಜಂಗ ಮುಂದೆ ಹೋಗಿ ಎರಡೂ ಕೈ ಎತ್ತಿದ. ಲಾರಿಗಳು, ಟೆಂಪೋಗಳು ಕಿರುಗುಟ್ಟಿ ನಿಂತವು. ಒಬ್ಬ ಡ್ರೈವರ್ ತಲೆಯ ರುಮಾಲು ತೆಗೆದು ಕೈಮುಗಿದ. ನಾಲ್ಕು ಹೆಗಲುಗಳ ಮೇಲೆ ದಿಲೀಪ ಹೈವೇ ದಾಟಿದ.

ಕೊನೆಯವನು ಆಚೆ ಮುಟ್ಟುತ್ತಲೇ ಗಾಡಿಗಳು ಹೊರಟವು. ಹಿಂದೆ ಬಿದ್ದಿದ್ದ ಜಯಶೀಲ ಈಚೆಯ ಅಂಚಿನಲ್ಲೇ ಉಳಿದರು. ಹಾರ ಹಿಡಿದ ಕೈಯನ್ನು ಮೇಲೆತ್ತಿದರು, ಯಾವುದೂ ನಿಲ್ಲಲಿಲ್ಲ. ಒಂದು ಕಾಲು ರಸ್ತೆಗೆ ಇಳಿಸಿದರು, ಬರುತ್ತಿದ್ದ ಟ್ಯಾಂಕರ್ ನೋಡಿ ಹಿಂದಕ್ಕೆ ಎಳೆದುಕೊಂಡರು. ಮತ್ತೆ ಇಳಿಸಿದರು. ಸೇವಂತಿಗೆಯ ಎಸಳುಗಳು ಉದುರಿ ಗಾಡಿಗಳ ಗಾಳಿಗೆ ಡಾಂಬರಿನ ಮೇಲೆ ಓಡುತ್ತಿದ್ದವು. ಆಚೆ ಬದಿಯಲ್ಲಿ ಹೊರಟಿದ್ದವರು ಯಾರೂ ತಿರುಗಿ ನೋಡಲಿಲ್ಲ.