ತಾನಾಗಿ ಸತ್ತ ಚಿಪ್ಪಿನ ಸಿಮೆಂಟು

ಬಂಟ್ವಾಳದ ಹೊಳೆಬದಿಯಲ್ಲಿ, ಹೂಳು ತುಂಬಿದ ಕಾಲುವೆಯ ಪಕ್ಕ ನಿಂತಿರುವ ಮೋಟು ಗೋಡೆಯನ್ನು ಕಂಡವರೆಲ್ಲ ಯಾವುದೋ ರಾಣಿಯ ಕೋಟೆ ಎನ್ನುತ್ತಾರೆ. ಕೋಟೆಯೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ. ಅದು ಸಿಮೆಂಟು ಮಿಲ್ಲು. ಅದರ ರೈಟರಾಗಿ ಲೆಕ್ಕ ಬರೆಯಲು ಕೂತಿದ್ದವನು ನಾನು, ರಮಾನಾಥ. ಬರೆಯಲು ಲೆಕ್ಕವೇ ಇರಲಿಲ್ಲ ಎಂಬುದು ಬೇರೆ ಮಾತು. ಗೊತ್ತಿಲ್ಲದವರು ಚರಿತ್ರೆ ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಆದ್ದರಿಂದ ನಾನೇ ಹೇಳುತ್ತೇನೆ.

ಮಿಲ್ಲು ಕಟ್ಟಿಸಿದವರು ಸಿದ್ಧಕಟ್ಟೆ ಕಡೆಯ ಜೈನ ಜಮೀನುದಾರ ಮುನಿರಾಜ ಹೆಗ್ಡೆಯವರು. ಹುಟ್ಟಿದ ಮೇಲೆ ಒಂದೂ ಸುಳ್ಳು ಹೇಳಿದವರಲ್ಲ. ಅಂಥವರ ಕೈಕೆಳಗೆ ದುಡಿಯುವುದು ಎಷ್ಟು ಕಷ್ಟವೆಂದು ದುಡಿದವರಿಗೇ ಗೊತ್ತು. ೧೯೫೬ರ ಮಳೆಗಾಲದಲ್ಲಿ ಅವರ ಮನೆತನದ ಬಸದಿಯ ಮಾಡು ಸೋರಿ, ನೀರು ನೇರ ತೀರ್ಥಂಕರರ ತಲೆಯ ಮೇಲೆ ತೊಟ್ಟಿಕ್ಕತೊಡಗಿತು. ಅವರ ತಾಯಿ ಕಮಲಾವತಿಯಮ್ಮ ಅಲ್ಲೇ ನಿಂತು ವ್ರತ ತೊಟ್ಟರು. ಸೋರುವುದು ನಿಲ್ಲುವವರೆಗೆ ಪ್ರತಿ ಮಳೆಗಾಲಕ್ಕೂ ಊಟದಲ್ಲಿ ಒಂದೊಂದು ರಸ ಬಿಡುವುದು. ಜೈನರಲ್ಲಿ ಹೀಗೆ ಬಿಡುವ ರಸಗಳು ಆರು: ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು. ಆ ವರ್ಷ ಹಾಲು ಹೋಯಿತು.

ಸುಣ್ಣ ಮೆತ್ತಿ ನೋಡಿದರು, ನಿಲ್ಲಲಿಲ್ಲ. ಸಿಮೆಂಟಿಗೆ ಆಗ ಪರ್ಮಿಟ್ ಬೇಕು, ಪರ್ಮಿಟ್ ಸಿಗುವ ಲಕ್ಷಣವಿಲ್ಲ, ಕಾಳಸಂತೆಯಲ್ಲಿ ಕೊಳ್ಳುವ ಜಾಯಮಾನ ಹೆಗ್ಡೆಯವರದ್ದಲ್ಲ. ಚಿಪ್ಪನ್ನೂ ಜೇಡಿಮಣ್ಣನ್ನೂ ಸುಟ್ಟು ಅರೆದರೆ ಸಿಮೆಂಟಾಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ನೇತ್ರಾವತಿಯಿಂದ ಕಾಲುವೆ ತೋಡಿಸಿದರು, ಚಿಪ್ಪು ಸುಡುವ ಗೂಡು ಕಟ್ಟಿಸಿದರು, ಕೊಯಮತ್ತೂರಿನಿಂದ ಅರೆಯುವ ಯಂತ್ರ ತರಿಸಿದರು. ಎಲ್ಲ ನಾಲ್ಕು ಮೂಟೆ ಸಿಮೆಂಟಿಗಾಗಿ. ಬೆಟ್ಟ ಅಗೆದು ಇಲಿ ಹಿಡಿಯುವುದೆಂದರೆ ಇದೇ. ಅಷ್ಟರಲ್ಲಿ ಅಮ್ಮನ ಮೊಸರೂ ಹೋಗಿತ್ತು.

ಮಂಗಳೂರಿನ ಅಳಿವೆಯಿಂದ ಬದ್ರುದ್ದೀನ್ ಬ್ಯಾರಿಯ ದೋಣಿ ಮೊದಲ ಲೋಡು ಮರುವಾಯಿ ಎಂಬ ಚಿಪ್ಪುಮೀನಿನ ಚಿಪ್ಪು ತಂದು ಮಿಲ್ಲಿನ ಬಾಗಿಲಿಗೇ ನಿಂತಿತು. ಆ ದಿನ ನೋಡಲು ಬಂದ ಅಮ್ಮ ಒಂದೇ ಒಂದು ಮಾತು ಹೇಳಿದರು. ದೇವರ ಮಾಡಿಗೆ ಹಾಕುವುದು ಜೀವ ಕೊಂದ ಸಿಮೆಂಟು ಆಗಬಾರದು. ಅಷ್ಟು ಹೇಳಿ ಮನೆಗೆ ಹೋದರು. ನಮ್ಮ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಮರುವಾಯಿಯನ್ನು ಜನ ತಿಂದು ಚಿಪ್ಪು ಎಸೆಯುತ್ತಾರೆ. ಅದು ಕೊಂದ ಚಿಪ್ಪು. ನಮಗೆ ಬೇಕಾದದ್ದು ತಾನಾಗಿ ಸತ್ತ ಮರುವಾಯಿಯ ಚಿಪ್ಪು. ಇದನ್ನು ಪತ್ತೆ ಮಾಡಲು ಸುಬ್ಬಪ್ಪ ಎಂಬವನನ್ನು ಸಂಬಳ ಕೊಟ್ಟು ಇಟ್ಟರು. ಅವನ ಕೆಲಸ ಚಿಪ್ಪು ಮೂಸುವುದು. ಮಸಾಲೆಯ ವಾಸನೆ ಬಂದರೆ ವಾಪಸು. ಅರಿಶಿನದ ಕಲೆ ಕಂಡರೆ ವಾಪಸು. ಕತ್ತಿಯ ಗೀರು ಇದ್ದರಂತೂ ಹೆಗ್ಡೆಯವರು ಎರಡು ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ನಾವೂ ನಿಲ್ಲಬೇಕಿತ್ತು. ರಾಶಿಯಲ್ಲಿ ಅಪ್ಪಿತಪ್ಪಿ ಜೀವಂತ ಮರುವಾಯಿ ಸಿಕ್ಕಿದರೆ ಅದನ್ನು ತಾಮ್ರದ ಹಂಡೆಯ ಉಪ್ಪುನೀರಿನಲ್ಲಿಟ್ಟು ಅಳಿವೆಗೆ ಬಿಟ್ಟು ಬರಬೇಕು. ನಮ್ಮ ಊರಲ್ಲಿ ಯಾವ ಮದುಮಗನಿಗೂ ಅಂಥ ದಿಬ್ಬಣ ಹೊರಟದ್ದಿಲ್ಲ. ವರ್ಷಗಟ್ಟಲೆ ಬದ್ರುದ್ದೀನನ ದೋಣಿ ತುಂಬಿಕೊಂಡು ಬಂತು, ತುಂಬಿಕೊಂಡೇ ಹೋಯಿತು. ಪಾಸಾದ ಚಿಪ್ಪು ಒಂದು ಬುಟ್ಟಿ ದಾಟಲಿಲ್ಲ. ಯಂತ್ರವನ್ನು ಆಯುಧಪೂಜೆಗೆ ಮಾತ್ರ ತಿರುಗಿಸುತ್ತಿದ್ದೆವು.

ಅತ್ತ ತುಪ್ಪ ಹೋಯಿತು, ಎಣ್ಣೆ ಹೋಯಿತು, ಬೆಲ್ಲ ಹೋಯಿತು. ೧೯೬೧ರಲ್ಲಿ ಉಪ್ಪೂ ಹೋಯಿತು. ಅಮ್ಮ ಒಣಗಿ ಕಡ್ಡಿಯಾದರು. ಸಪ್ಪೆ ಗಂಜಿಯನ್ನು ಅವರು ಗುಟುಕು ಗುಟುಕಾಗಿ ನುಂಗುವುದನ್ನು ನೋಡಲಾರದೆ ನಾನು ಹೊರಗೆ ಎದ್ದು ಹೋಗಿದ್ದುಂಟು. ಮುಂದಿನ ಮಳೆಗೆ ಬಿಡಲು ಉಳಿದದ್ದು ಅನ್ನ ಒಂದೇ.

ಮರುವರ್ಷ ಮೇ ತಿಂಗಳ ಕೊನೆಗೆ ಹೆಗ್ಡೆಯವರು ಬದ್ರುದ್ದೀನನ ಕೈ ಹಿಡಿದು, ಇವೆಲ್ಲ ತಾವಾಗಿ ಸತ್ತವು ಎಂದು ಒಮ್ಮೆ ಆಣೆಯಿಟ್ಟು ಹೇಳು ಎಂದು ಬೇಡಿದರು. ಅವನೂ ಇವರದೇ ಜಾತಕದವನು.

"ಧನಿಗಳೇ, ಅವು ಸಾಯುವಾಗ ನಾನು ಹತ್ತಿರ ಇರ್ಲಿಲ್ಲ. ಕಾಣದ್ದನ್ನು ಹೇಗೆ ಹೇಳುವುದು?" ಎಂದ. "ಆದ್ರೆ ಅಮ್ಮ ಸಾಯುವಾಗ ನಾವಿಬ್ರೂ ಹತ್ತಿರವೇ ಇರ್ತೇವೆ" ಎಂದ.

 ಮರುದಿನ ಹೆಗ್ಡೆಯವರು ದೋಣಿಯಲ್ಲಿದ್ದ ಅಷ್ಟೂ ಚಿಪ್ಪನ್ನು, ಮಸಾಲೆ ಸಮೇತ, ಗೂಡಿಗೆ ಹಾಕಿಸಿದರು. ಸುಬ್ಬಪ್ಪನ ಮೂಗಿಗೆ ರಜೆ ಸಿಕ್ಕಿತು. ಯಂತ್ರ ಗುಡುಗಿತು, ಬೂದು ಬಣ್ಣದ ಹುಡಿ ಬಿತ್ತು. ಆ ಹುಡಿಯನ್ನು ಅಂಗೈಯಲ್ಲಿ ಹಿಡಿದು ಅವರು ತಾಯಿಯ ಮುಂದೆ ನಿಂತಾಗ ನಾನು ಹಿಂದೆಯೇ ಇದ್ದೆ. 

"ಅಮ್ಮಾ, ಎಲ್ಲ ತಾನಾಗಿಯೇ ಸತ್ತದ್ದು."

ಅಮ್ಮ ಮಗನ ಮುಖವನ್ನೇ ನೋಡಿ, ಹಾಗಾದರೆ ಹಾಕಿಸು ಎಂದರು. ಹಾಕಿಸಿದೆವು. ಜೂನಿನ ಮಳೆ ಆಕಾಶ ಹರಿದ ಹಾಗೆ ಬಿತ್ತು. ತೀರ್ಥಂಕರರ ತಲೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಅಂದು ಸೂರ್ಯ ಮುಳುಗುವ ಮೊದಲೇ ವ್ರತ ಮುಗಿಸುವ ಪಾರಣೆಯ ಊಟ. ನನ್ನನ್ನೂ ಬದ್ರುದ್ದೀನನನ್ನೂ ಕರೆದಿದ್ದರು. ಅಮ್ಮ ಉಪ್ಪು ಬೆರೆಸಿದ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ತೆರೆದಾಗ ಮಗನ ಎಲೆ ಕಂಡಿತು. ಉಪ್ಪು ಬಡಿಸುವ ತುದಿ ಖಾಲಿ. ಹೇಳಿದ ಸುಳ್ಳಿಗೆ ಪ್ರಾಯಶ್ಚಿತ್ತವೆಂದು ಹೆಗ್ಡೆಯವರು ಇನ್ನು ಜೀವಮಾನವಿಡೀ ಉಪ್ಪು ಬಿಡುವ ವ್ರತ ತೊಟ್ಟಿದ್ದರು.  ಅಮ್ಮ ತಮ್ಮ ಎಲೆಯ ಉಪ್ಪನ್ನು ಚಿಟಿಕೆಯಲ್ಲಿ ತೆಗೆದು ಅವರ ಅನ್ನದ ಮೇಲೆ ಉದುರಿಸಿದರು.

"ಅಂದು ಚಿಪ್ಪು ಕಂಡು ಏನೋ ಒಂದು ಮಾತು ಬಾಯಿಗೆ ಬಂತು, ಹೇಳಿಬಿಟ್ಟೆ. ವ್ರತ ತೊಟ್ಟವಳು ಅದನ್ನು ವಾಪಸು ತೆಗೀಲಿಕ್ಕೆ ಆಗ್ತದಾ? ನೀನೊಂದು ಸುಳ್ಳು ಹೇಳಿ ನನ್ನನ್ನು ಬಿಡಿಸ್ತೀ ಅಂತ ಪ್ರತಿ ಮಳೆಗೂ ಕಾದೆ ಮಗಾ. ಇಷ್ಟು ವರ್ಷ ಬೇಕಾಯ್ತಾ ನಿನಗೆ?"

 ಹೆಗ್ಡೆಯವರು ಆ ಅನ್ನವನ್ನು ಕಲಸಿ, ಒಂದು ಅಗುಳೂ ಬಿಡದೆ ಉಂಡರು. ಮರುದಿನ ಮಿಲ್ಲಿಗೆ ಬೀಗ ಹಾಕಿದರು. ಇನ್ನೊಂದು ಮೂಟೆ ಮಾಡಬೇಕಾದರೆ ಇನ್ನೊಂದು ಸುಳ್ಳು ಹೇಳಬೇಕಲ್ಲ ರೈಟರೇ, ಈಗ ಅದಕ್ಕೆ ಕಾಯುವವರು ಯಾರೂ ಇಲ್ಲ ಎಂದರು.