ಕಿಟಕಿಯ ಬಲೆ

ಬಲೆಯ ಹೊಲಿಗೆಗಳೊಳಗಿನ ಕೆಂಪು ಮಣ್ಣು ಎಷ್ಟು ತಿಕ್ಕಿದರೂ ಬಿಡುತ್ತಿರಲಿಲ್ಲ. ಸುಜಯ್ ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅದನ್ನು ಬಕೆಟ್ಟಿನಲ್ಲಿ ಅದ್ದಿ, ಹಳೆಯ ಟೂತ್‌ಬ್ರಷ್ಷಿನಿಂದ ಮತ್ತೆ ತಿಕ್ಕಿದ. ಎದುರಿಗೆ ಬೆತ್ತದ ಕುರ್ಚಿಯಲ್ಲಿ ಅಪ್ಪ ವಾಕಿಟಾಕಿ ರೇಡಿಯೋಗೆ ಬ್ಯಾಟರಿ ಹಾಕುತ್ತಿದ್ದರು. ಕೆಳಗೆ ನೈರೋಬಿಯ ಕಿಲಿಮಾನಿ ಬಡಾವಣೆಯ ಭಾನುವಾರ ಇನ್ನೂ ಎದ್ದಿರಲಿಲ್ಲ.

ರೇಸಿನ ಕಾರಿನ ಕಿಟಕಿಗೆ ಗಾಜಿರುವುದಿಲ್ಲ, ಬಲೆ ಇರುತ್ತದೆ. ಕಾರು ಉರುಳಿದರೆ ಕೈ ಹೊರಗೆ ಸಿಕ್ಕಿಕೊಳ್ಳದಿರಲಿ ಎಂದು. ಡಿಕ್ಕಿಯಾದ ಮೇಲೆ ಚಾಲಕ ತಾನೇ ಬಲೆ ಬಿಚ್ಚಿ ಕೆಳಗೆ ಬಿಟ್ಟರೆ, ನನಗೇನೂ ಆಗಿಲ್ಲ ಎಂದರ್ಥ. ಬಿಚ್ಚದಿದ್ದರೆ ಜನ ಓಡಿ ಬರುತ್ತಾರೆ. ಸುಜಯ್ ಪ್ರತಿ ಸಲವೂ ತಟ್ಟನೆ ಬಿಚ್ಚಿದ್ದಾನೆ. ಅಟ್ಟಣೆಯ ಮೇಲಿನಿಂದ ಅಪ್ಪ ನೋಡುತ್ತಿರುತ್ತಾರೆ.

"ಶೆರಿಲ್‌ಗೂ ಒಂದು ಡಬ್ಬಿ ಹಾಕಿದೀನಿ," ಎಂದು ಅಮ್ಮ ಅಡುಗೆಮನೆಯಿಂದ ಕೂಗಿದರು. "ಒಬ್ಳೇ ಇರೋ ಹುಡುಗಿ, ಬೆಳಿಗ್ಗೆ ಏನೂ ತಿನ್ನಲ್ಲ."

"ನನಗೆ?"

"ನೀನು ರೇಸಿಗೆ ಮುಂಚೆ ತಿನ್ನಲ್ವಲ್ಲೋ!"

ತಿನ್ನಬಾರದು ಎಂಬುದು ಅಪ್ಪನ ನಿಯಮ. ಅಪ್ಪ ರೇಡಿಯೋವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು.

ಥಿಕಾ ರಸ್ತೆಯಲ್ಲಿ, ಮುಂದಿನ ಮಟಾಟು ಬಾಡಿಗೆ ವ್ಯಾನಿನ ಬೆನ್ನನ್ನೇ ನೋಡುತ್ತ ಅವರು ಹೇಳಿದರು: "ಇವತ್ತು ನಿನ್ನನ್ನ ನಮ್ಮ ಕಾರ್ಖಾನೆಯ ಶಮಂತ್ ನೋಡ್ಕೋತಾನೆ. ಅವನಿಗೊಂದು ರೇಡಿಯೋ ಕೊಟ್ಟಿದೀನಿ. ಬೇರೆ ಚಾನೆಲ್."

"ಅವನು ಬೆಂಗಳೂರಿಂದ ಬಂದು ವರ್ಷ ಆಗಿಲ್ಲ. ರೇಸ್ ನೋಡಿರೋದು ಟೀವೀಲಿ."

"ಕಣ್ಣು ಚೆನ್ನಾಗಿದೆ."

"ನೀವು?"

"ನಾನು ಶೆರಿಲ್ ಕಾರು ನೋಡ್ಕೋತೀನಿ. ಅವಳಿಗೆ ಯಾರೂ ಇಲ್ವಲ್ಲ."

"ಅವಳು ಕೇಳಿದ್ಳಾ?"

ಮಟಾಟು ಪಕ್ಕಕ್ಕೆ ಸರಿಯಿತು. ಅಪ್ಪ ಗೇರ್ ಬದಲಿಸಿದರು.

"ಇಲ್ಲ," ಎಂದರು.

ಅಪ್ಪ ಶ್ರೀನಿವಾಸಮೂರ್ತಿ ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದವರು, ನಾರ್ತ್ ಕೆರೊಲಿನಾದ ಮಣ್ಣಿನ ಟ್ರ್ಯಾಕುಗಳಲ್ಲಿ ಶನಿವಾರ ಶನಿವಾರ ಸ್ಟಾಕ್ ಕಾರ್ ಓಡಿಸತೊಡಗಿದರು. ನೋಡುವುದಕ್ಕೆ ಬೀದಿಯ ಕಾರು, ಒಳಗೆ ಬರೀ ಎಂಜಿನ್ನು. ಮೊಟ್ಟೆಯಾಕಾರದ ಟ್ರ್ಯಾಕು, ತಿರುವೆಲ್ಲ ಎಡಕ್ಕೇ. ಮೂರ್ತಿ ಎನ್ನಲು ಬಾರದ ಜನ ಮರ್ಫಿ ಎಂದು ಕೂಗಿ ಕುಣಿಯುತ್ತಿದ್ದರಂತೆ. ಸುಜಯ್ ಹುಟ್ಟಿದ್ದು ಅಲ್ಲೇ. ಆಮೇಲೆ ಅಪ್ಪ ನೈರೋಬಿಯ ಔಷಧ ಕಾರ್ಖಾನೆಗೆ ಮ್ಯಾನೇಜರಾಗಿ ಬಂದರು. ಸ್ನೇಹಿತರನ್ನು ಕೂಡಿಕೊಂಡು ಕಸರಾನಿಯ ಆಚೆ ಒಂದು ಬಯಲನ್ನು ಮೊಟ್ಟೆಯಾಕಾರಕ್ಕೆ ತಂದರು.

ದೊಡ್ಡವನಾದ ಮೇಲೆ ಸುಜಯ್ ತನ್ನ ಅಮೆರಿಕನ್ ಪಾಸ್‌ಪೋರ್ಟ್ ಹಿಡಿದು ಅದೇ ಟ್ರ್ಯಾಕುಗಳಿಗೆ ಹೋದ. ಕೆಲವು ವರ್ಷ ಓಡಿಸಿದ. ಮುದುಕರು ಮರ್ಫಿಯ ಮಗನನ್ನು ನೋಡಲು ಬಂದರು, ಕಡಲೆಕಾಯಿ ತಿಂದರು, ಹೋದರು. ಒಮ್ಮೆ ಮೂರನೆಯವನಾಗಿ ಬಂದಾಗ ಪತ್ರಿಕೆಯಲ್ಲಿ ಚಿತ್ರ ಬಂತು. ಚಿತ್ರ ಅಪ್ಪನದು. ಪ್ರಾಯೋಜಕರು ಕೈಬಿಟ್ಟ ವರ್ಷ ಅವನು ಹಿಂತಿರುಗಿ ಅಪ್ಪನ ಕಾರ್ಖಾನೆಯಲ್ಲೇ ಕೆಲಸಕ್ಕೆ ಸೇರಿದ. ವಾರವಿಡೀ ಮಾತ್ರೆಗಳ ಗುಣಮಟ್ಟ ನೋಡುತ್ತಾನೆ. ಭಾನುವಾರ ಎಡಕ್ಕೆ ತಿರುಗುತ್ತಾನೆ.

ಆದರೂ ಅವನಲ್ಲಿ ಒಂದಿತ್ತು, ಬೇರೆ ಯಾರಲ್ಲೂ ಇರದದ್ದು. ಬೆಲ್ಟಿನಲ್ಲಿ ಬಿಗಿದು ಕೂತ ಚಾಲಕ ಕತ್ತು ತಿರುಗಿಸಲಾರ. ಅಟ್ಟಣೆಯ ಮೇಲೆ ನಿಂತ ಒಬ್ಬರು ರೇಡಿಯೋದಲ್ಲಿ ಅವನಿಗೆ ಕಣ್ಣಾಗಬೇಕು. ಅಪ್ಪನಿಗೆ ಕಣ್ಣಾಗಿದ್ದವರು ಮಂಗಳೂರಿನ ಆಲ್ಫ್ರೆಡ್ ಅಂಕಲ್. ಅಮೆರಿಕದಲ್ಲಿ ಯಾರ ಮಾತನ್ನು ಯಾರು ಬೇಕಾದರೂ ಕದ್ದು ಕೇಳಬಹುದಾದ್ದರಿಂದ ಅವರಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಅಪ್ಪ ಸುಜಯ್‌ಗೆ ಕಣ್ಣಾದಾಗಲೂ ಅದೇ ರೂಢಿ. ಊಟದ ಮೇಜಿನಲ್ಲಿ ನಾಲ್ಕು ಮಾತಾಡದ ಅಪ್ಪ, ರೇಸಿನುದ್ದಕ್ಕೂ ಅವನ ಕಿವಿಯೊಳಗೇ ಇರುತ್ತಿದ್ದರು.

ಅಪ್ಪನ ಹಿಂದೆಯೇ ನೈರೋಬಿಗೆ ಬಂದಿದ್ದ ಆಲ್ಫ್ರೆಡ್ ಹೋದ ವರ್ಷ ತೀರಿಕೊಂಡರು. ಶೆರಿಲ್ ಅವರ ಮಗಳು.

ವೆಸ್ಟ್‌ಲ್ಯಾಂಡ್ಸ್‌ನ ಬ್ಯಾಂಕಿನಲ್ಲಿ ಕೆಲಸ, ಹಳದಿ ಕಾರು. ಟ್ರ್ಯಾಕಿನ ಬಳಿ ಅಮ್ಮನ ಡಬ್ಬಿ ತೆರೆದು ಅವಳು ನಿಂತಲ್ಲೇ ಚಿತ್ರಾನ್ನ ತಿಂದಳು. "ಆಂಟಿ ಈಸ್ ಎ ಸೇಂಟ್. ಅಂಕಲ್, ಪ್ಲೀಸ್ ಸ್ಲೋ ಆಗಿ ಹೇಳಿ ಆಯ್ತಾ, ನಂದು ಕಿಚನ್ ಕನ್ನಡ!"

ಅಪ್ಪ ನಕ್ಕರು. ರೇಸಿನ ದಿನ ಅವರು ನಕ್ಕದ್ದು ಸುಜಯ್‌ಗೆ ನೆನಪಿರಲಿಲ್ಲ.

"ಸುಜಯ್, ಯು ಆರ್ ಓಕೆ ವಿತ್ ದಿಸ್, ನೋ?"

"ವೈ ನಾಟ್?"

ಅವಳು ಕಾರಿಗೆ ಇಳಿದಳು. ಅಪ್ಪ ಬಾಗಿ ಅವಳ ಬೆಲ್ಟು ಎಳೆದು, ಪಟ್ಟಿಯಡಿ ಹೆಬ್ಬೆರಳು ತೂರಿಸಿ ಬಿಗಿ ನೋಡಿದರು. ಆ ಹೆಬ್ಬೆರಳು ಸುಜಯ್‌ನ ಹೆಗಲಿಗೆ ಗೊತ್ತು. ಅವನು ತನ್ನ ಕಾರಿನಲ್ಲಿ ಕೂತು ಬೆಲ್ಟನ್ನು ತಾನೇ ಕಟ್ಟಿಕೊಂಡ, ತೊಳೆದ ಬಲೆಯನ್ನು ಕಿಟಕಿಗೆ ಸಿಕ್ಕಿಸಿದ. ಅವಳು ಬ್ರೇಕು ಬೇಗ ಹಿಡಿಯುತ್ತಾಳೆ, ಇನ್ನೂ ಕಲಿಯಬೇಕಾದ್ದು ಬಹಳ ಇದೆ ಎಂದುಕೊಂಡ. ಅದರಿಂದ ಸಮಾಧಾನವಾಗಲಿಲ್ಲ.

"ಸಾರ್, ಟೆಸ್ಟಿಂಗ್ ಸಾರ್. ಕೇಳಿಸ್ತಿದೆಯಾ ಸಾರ್?" ಕಿವಿಯಲ್ಲಿ ಶಮಂತ್. ಕಾರ್ಖಾನೆಯಲ್ಲಿ ಸುಜಯ್‌ನ ಕೈಕೆಳಗಿನವನು.

"ಕೇಳಿಸ್ತಿದೆ."

"ಇಲ್ಲಿಂದ ಎಲ್ಲಾ ಸಕ್ಕತ್ತಾಗಿ ಕಾಣ್ಸುತ್ತೆ ಸಾರ್!"

ಬಾವುಟ ಬಿತ್ತು. ಕೆಂಪು ಧೂಳು ಎದ್ದಿತು. "ಸಾರ್, ನಿಮ್ಮ ಎಡಗಡೆ ಒಬ್ಬರು ಬರ್ತಿದಾರೆ ಸಾರ್," ಎಂದು ಶಮಂತ್ ಮರ್ಯಾದೆಯಿಂದ ಹೇಳಿ ಮುಗಿಸುವಷ್ಟರಲ್ಲಿ ಆ ಒಬ್ಬರು ಮುಂದಕ್ಕೆ ಹೋಗಿರುತ್ತಿದ್ದರು. ಆಮೇಲೆ ಇನ್ನೊಬ್ಬರು. ಆಮೇಲೆ ಶೆರಿಲ್.

ರೇಡಿಯೋದ ಗುಂಡಿ ಅವನ ಮೊಣಕಾಲ ಹತ್ತಿರವಿತ್ತು. ಅಪ್ಪ ಹಳೆಯ ಚಾನೆಲ್ಲನ್ನು ಬಿಟ್ಟಿರಲಾರರು ಎಂದು ಅವನಿಗೆ ಗೊತ್ತಿತ್ತು. ಅದು ತನ್ನದೇ ಅಲ್ಲವೇ? ಮನೆಯವನು ಮನೆಗೆ ಹೋಗುವುದನ್ನು ಯಾರೂ ಕದಿಯುವುದು ಎನ್ನುವುದಿಲ್ಲ. ನೇರ ದಾರಿಯಲ್ಲಿ ಒಂದು ಕೈ ಬಿಟ್ಟು ಗುಂಡಿ ತಿರುಗಿಸಿದ.

"...ಅವಸರ ಬೇಡ. ಹಿಂದೆ ದೂರ ಇದಾನೆ. ಉಸಿರಾಡು. ಭೇಷ್ ಕಣಮ್ಮ!"

ಭೇಷ್. ಆ ಶಬ್ದ ಅಪ್ಪನ ಬಾಯಲ್ಲಿ ಇತ್ತೆಂದೇ ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎಲ್ಲಿ ಇಟ್ಟಿದ್ದರು?

ಅವನು ಕೇಳುತ್ತ ಓಡಿಸಿದ. ದನಿ ಅವಳಿಗೆ ದಾರಿ ಹೇಳುತ್ತಿತ್ತು. ಅವನ ಭುಜ ಸಡಿಲವಾಯಿತು, ಕಾಲು ಹಗುರವಾಯಿತು. ಎರಡು ಕಾರು ಹಿಂದಿಕ್ಕಿದ. ಯಾರದೋ ಊಟದ ಪರಿಮಳದಲ್ಲಿ ಹೊಟ್ಟೆ ತುಂಬಿದ ಹಾಗೆ.

"ಒಳಗಡೆ ದಾರಿ ಇದೆ. ಹೋಗು!"

ಅವನ ಕೈಗಳು ಅವನನ್ನು ಕೇಳಲಿಲ್ಲ. ಆ ದನಿ ಹೋಗು ಎಂದರೆ ಅವು ಹೋಗುತ್ತಿದ್ದವು, ಅಷ್ಟೇ. ಶೆರಿಲ್ ಟ್ರ್ಯಾಕಿನ ಆ ಬದಿಯಲ್ಲಿದ್ದಳು. ದಾರಿ ಇದ್ದದ್ದು ಅಲ್ಲಿ. ಇಲ್ಲಿ ಅವನ ಎಡಕ್ಕೆ ಒಂದು ಹಸಿರು ಕಾರು ಆಗಲೇ ಇತ್ತು.

ತಗಡು ಕಿರುಚಿತು. ಆಕಾಶ, ಅಟ್ಟಣೆ, ಧೂಳು, ಮತ್ತೆ ಆಕಾಶ. ಕಾರು ಗಿರಗಿರನೆ ಸುತ್ತಿ, ಮೊಟ್ಟೆಯ ನಡುವಿನ ಹುಲ್ಲಿನಲ್ಲಿ ನಿಂತಿತು. ಎಂಜಿನ್ ಆರಿತು. ಮೈಯಲ್ಲಿ ಎಲ್ಲೂ ನೋವಿಲ್ಲ. ಕೈ ತಾನಾಗಿಯೇ ಬಲೆಯ ಕೊಂಡಿಗೆ ಹೋಯಿತು.

ಅಲ್ಲೇ ತಡೆದ.

ಬಿಚ್ಚದಿದ್ದರೆ ಅಪ್ಪ ಕೇಳಲೇಬೇಕು.

"ಹಳದಿ ಬಾವುಟ. ನಿಧಾನ ಮಾಡು," ಎಂದಿತು ದನಿ.

"ಹೂ ಈಸ್ ಇಟ್, ಅಂಕಲ್? ಡಸ್ಟಲ್ಲಿ ಏನೂ ಕಾಣ್ತಿಲ್ಲ."

ರೇಡಿಯೋ ಒಂದು ಕ್ಷಣ ಬರಿದೆ ಗುಂಯ್‌ಗುಟ್ಟಿತು.

"ಯಾರೋ ಮಧ್ಯದಲ್ಲಿ ನಿಂತಿದಾನೆ," ಎಂದರು ಅಪ್ಪ. "ನೀನು ಮುಂದೆ ನೋಡಮ್ಮ."

ಧೂಳು ಇಳಿಯಿತು. ಬಲೆಯ ಚೌಕಗಳಲ್ಲಿ ಅಟ್ಟಣೆ ತುಂಡು ತುಂಡಾಗಿ ಕಾಣಿಸಿತು. ಶಮಂತ್ ಒಂದು ಕೈ ಬೀಸುತ್ತಿದ್ದ, ಇನ್ನೊಂದು ಕೈಯ ರೇಡಿಯೋದೊಳಗೆ ಬಾಯಿ ತೆರೆದು ಕೂಗುತ್ತಿದ್ದ. ಆ ಕೂಗು ಯಾರೂ ಇಲ್ಲದ ಚಾನೆಲ್ಲಿಗೆ ಹೋಗುತ್ತಿತ್ತು. ಅವನ ಪಕ್ಕದಲ್ಲಿ ಅಪ್ಪ. ಕಣ್ಣಿಗೆ ದುರ್ಬೀನು. ಅದು ಹಳದಿ ಕಾರಿನ ಜೊತೆ ನಿಧಾನವಾಗಿ ತಿರುಗುತ್ತಿತ್ತು.

ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಒಬ್ಬ ಓಡಿ ಬಂದು ಬಲೆಗೆ ಮುಖವಿಟ್ಟು, ಆರಾಮಿದೀಯಾ ಎಂದು ಸ್ವಾಹಿಲಿಯಲ್ಲಿ ಕೇಳಿದ: "ಉಕೊ ಸವಾ? ಬ್ರದರ್, ಉಕೊ ಸವಾ?"

ಸುಜಯ್ ಸ್ಟೀರಿಂಗಿನ ಮೇಲಿನ ಮಾತಿನ ಗುಂಡಿ ಒತ್ತಿದ.

"ಅಪ್ಪ."

ದುರ್ಬೀನು ಒಂದು ಗಳಿಗೆ ನಿಂತಿತು. ಮತ್ತೆ ತಿರುಗತೊಡಗಿತು. ಅವನ ಸುತ್ತ ಕಾರುಗಳು ಒಂದರ ಹಿಂದೊಂದು, ಮೆರವಣಿಗೆಯ ಹಾಗೆ, ಎಡಕ್ಕೆ ಹೊರಳಿ ಹೋಗುತ್ತಿದ್ದವು. ಬೆಳಿಗ್ಗೆ ತೊಳೆದ ಬಲೆಯ ಮೇಲೆ ಕೆಂಪು ಮಣ್ಣು ಸದ್ದಿಲ್ಲದೆ ಕೂರುತ್ತಿತ್ತು.

ಅವನು ಮತ್ತೆ ಗುಂಡಿ ಒತ್ತಿದ.

"ಅಪ್ಪ, ಬಂದು ಈ ಬಲೆ ಬಿಚ್ಚಿ."